ಬದಿಗೆ ಬಡಿಸಿದ್ದನ್ನು ನೋಡಿ: ಬೆಂಗಳೂರಿನ ಒಂದು ಜೋಳದ ರೊಟ್ಟಿ ಖಾನಾವಳಿ

ಖಾನಾವಳಿಯೊಂದು ಹೇಗಿದೆ ಎಂಬುದನ್ನು ನಾನು ತೀರ್ಮಾನಿಸುವುದು ಅಲ್ಲಿನ ಬದನೆಕಾಯಿ ಎಣಗಾಯಿ ತಿಂದ ಮೇಲಲ್ಲ. ಕೇಳದೆಯೇ ತಾಟಿನ ಬದಿಗೆ ಬಂದು ಕೂರುವ ಪದಾರ್ಥಗಳನ್ನು ನೋಡಿ. ಒಂದು ಚಮಚ ಶೇಂಗಾ ಚಟ್ನಿ, ಅದರ ಪಕ್ಕಕ್ಕೆ ಗುರೆಳ್ಳಿನ ಕರಿ ಪುಡಿ, ಎರಡಕ್ಕೂ ತಾಗುವಂತೆ ಬಿಟ್ಟ ಗಟ್ಟಿ ಮೊಸರು, ಅರ್ಧ ಉಳ್ಳಾಗಡ್ಡಿ, ನಾಲ್ಕು ಕಡ್ಡಿ ಹಸಿ ಮೆಂತೆ, ಸೌತೆಕಾಯಿಯ ಎರಡು ಹೋಳು. ಇವುಗಳಿಗೆ ದರಪಟ್ಟಿಯಲ್ಲಿ ಹೆಸರಿಲ್ಲ, ಬಿಲ್ಲಿನಲ್ಲಿ ಲೆಕ್ಕವಿಲ್ಲ. ಆದ್ದರಿಂದಲೇ ಬಾಡಿಗೆ ಏರಿದಾಗ, ಕೆಲಸದವರು ಸಿಗದಿದ್ದಾಗ, ಶೇಂಗಾದ ದರ ಹೆಚ್ಚಿದಾಗ ಮಾಲೀಕರು ಮೊದಲು ಕೈಬಿಡುವುದು ಇವನ್ನೇ. ಬೆಂಗಳೂರಿಗೆ ಬಂದ ಈ ಇಪ್ಪತ್ತೆರಡು ವರ್ಷಗಳಲ್ಲಿ ‘ಉತ್ತರ ಕರ್ನಾಟಕ ಶೈಲಿಯ ಊಟ’ ಎಂಬ ಫಲಕ ಕಂಡಲ್ಲೆಲ್ಲ ಮೆಟ್ಟಿಲು ಹತ್ತಿ, ತಾಟಿನ ಬದಿಗೆ ಒಂದು ಚಿಟಿಕೆ ಒಣ ಪುಡಿಯನ್ನೂ ಹಿಂಡಿದರೆ ಹನಿ ಬೀಳದ ನಿಂಬೆಯ ಚೂರನ್ನೂ ಕಂಡು ಇಳಿದು ಬಂದಿರುವ ನನಗೆ, ತಿಂಗಳಿಗೆ ಎರಡು ಸಲವಾದರೂ ಹೋಗಲೇಬೇಕು ಎನ್ನಿಸುವ ಒಂದು ಖಾನಾವಳಿ ದೊರೆತು ಒಂದೂವರೆ ವರ್ಷವಾಯಿತು. ಅದರ ಕುರಿತು ತುಸು ವಿವರವಾಗಿ ಬರೆಯಬೇಕೆಂದಿದ್ದೇನೆ.

ಹೆಸರನ್ನು ಮಾತ್ರ ಬರೆಯುವುದಿಲ್ಲ. ಗಂಡ, ಹೆಂಡತಿ, ಗಂಡನ ಸೋದರಮಾವನ ಮಗ ಹಾಗೂ ರೊಟ್ಟಿ ಬಡಿಯುವ ಇಬ್ಬರು ಹೆಂಗಸರು ಸೇರಿ ನಡೆಸುವ ಸಣ್ಣ ಅಂಗಡಿ ಅದು. ಹೊಗಳಿಕೆಯ ಜೊತೆಗೆ ಕೆಲವು ದೂರುಗಳನ್ನೂ ನಾನು ಹೇಳಬೇಕಾಗಿದೆ, ದೂರುಗಳಿಗೆ ಹೊಗಳಿಕೆಗಿಂತ ಉದ್ದ ಕಾಲುಗಳಿರುತ್ತವೆ ಎಂಬುದೂ ಗೊತ್ತಿದೆ. ಸ್ಥಳ ವಿಜಯನಗರದ ಕಡೆಯ ಒಂದು ಅಡ್ಡರಸ್ತೆ, ಔಷಧದ ಅಂಗಡಿಯ ಮೇಲಿನ ಮಹಡಿ, ಒಟ್ಟು ಒಂಬತ್ತು ಮೇಜುಗಳು. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತಯಾರಾಗಲು ನಮ್ಮ ಕಡೆಯಿಂದ ಬರುವ ಹುಡುಗ ಹುಡುಗಿಯರು ಆ ಭಾಗದಲ್ಲಿ ಬಹಳ ಮಂದಿ ಇರುವುದರಿಂದ ಇಂಥ ಖಾನಾವಳಿಗಳು ಅಲ್ಲಿ ಹಲವಿವೆ. ಮಧ್ಯಾಹ್ನ ಒಂದು ಗಂಟೆಗೆ ಒಳಗೆ ಕಾಲಿಟ್ಟರೆ ಅರ್ಧ ಮೇಜುಗಳಲ್ಲಿ ತಾಟಿನ ಪಕ್ಕದಲ್ಲೇ ಸಾಮಾನ್ಯ ಜ್ಞಾನದ ಪುಸ್ತಕ ತೆರೆದುಕೊಂಡಿರುತ್ತದೆ.

ಖಾನಾವಳಿ ಎಂಬ ಪದ ನಮಗೆ ಮರಾಠಿ ಸೀಮೆಯ ನೆರೆಯಿಂದ ಬಂದದ್ದು. ಧಾರವಾಡ, ಬೆಳಗಾವಿ, ವಿಜಯಪುರದ ಪ್ರದೇಶಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಮುಂಬಯಿಯ ಆಡಳಿತದಲ್ಲಿದ್ದವು. ಪದ ಆ ದಿನಗಳಿಂದಲೂ ನಮ್ಮ ಮಾತಿನಲ್ಲಿದೆ. ಹೋಟೆಲಿಗೂ ಖಾನಾವಳಿಗೂ ನಮ್ಮ ಕಡೆ ವ್ಯತ್ಯಾಸವಿದೆ. ಹೋಟೆಲಿಗೆ ಹೋಗುವುದು ಚಹಾ, ಮಿರ್ಚಿ, ಗಿರ್ಮಿಟ್ಟಿಗಾಗಿ. ಮನೆಯಿಂದ ದೂರವಿರುವವನು ಹೊಟ್ಟೆ ತುಂಬ ಉಣ್ಣಲಿಕ್ಕೆ ಹೋಗುವ ಜಾಗ ಖಾನಾವಳಿ. ಅಲ್ಲಿ ತಿಂಗಳ ಲೆಕ್ಕ ಬರೆಸಿದವನಿಗೆ ಇಂದು ಯಾವ ಪಲ್ಯ ಎಂದು ಕೇಳುವ ಹಕ್ಕಿರಬಹುದು, ಬೇರೆ ಪಲ್ಯ ಬೇಕೆನ್ನುವ ಹಕ್ಕಿರಲಿಲ್ಲ. ನಾನು ಗದಗಿನಲ್ಲಿ ಕಾಲೇಜು ಓದುತ್ತಿದ್ದಾಗ ಎರಡು ವರ್ಷ ಹಾಗೆ ಉಂಡವನು. ಈ ವಿಜಯನಗರದ ಖಾನಾವಳಿಯಲ್ಲಿ ಗೋಡೆಯ ಮೇಲೆ ದೊಡ್ಡ ದರಪಟ್ಟಿ ಇದೆ. ಅದರಲ್ಲಿ ಗೋಬಿ ಮಂಚೂರಿಯೂ ಇದೆ. ಅದನ್ನು ಯಾರು ಕೇಳುತ್ತಾರೆಂದು ವಿಚಾರಿಸಿದೆ. ರಾತ್ರಿ ಹೊತ್ತು ಎಲ್ಲರಿಗಿಂತ ಹೆಚ್ಚು ಕೇಳುವವರು ನಮ್ಮ ಕಡೆಯ ಹುಡುಗರೇ ಎಂದು ಮಾಲೀಕರು ನಗುತ್ತ ಹೇಳಿದರು. ನನ್ನ ನೆನಪುಗಳ ಹಂಗು ಅವರಿಗೇಕೆ ಇರಬೇಕು ಎಂದು ಸುಮ್ಮನಾದೆ.

ಇನ್ನು ರೊಟ್ಟಿಯ ವಿಷಯ. ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟು ಇಲ್ಲ. ಕುದಿಯುವ ಎಸರನ್ನು ಹಿಟ್ಟಿನ ನಡುವೆ ಮಾಡಿದ ಗುಳಿಗೆ ಸುರಿದು, ಕೈ ತಾಳುವಷ್ಟು ಆರಿದೊಡನೆ ಅಂಗೈಯ ಬುಡದಿಂದ ಒತ್ತಿ ನಾದಿದರೆ ಮಾತ್ರ ಅದು ಒಂದುಗೂಡುತ್ತದೆ. ಹಾಗೆ ಒಂದುಗೂಡಿದ್ದೂ ಬಹಳ ಹೊತ್ತು ನಿಲ್ಲದ ಕಾರಣ ಒಂದೊಂದು ರೊಟ್ಟಿಗೆ ಬೇಕಾದಷ್ಟನ್ನೇ ಮತ್ತೆ ಮತ್ತೆ ನಾದಿಕೊಳ್ಳಬೇಕಾಗುತ್ತದೆ. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಜಿಗಿ ಹೋಗಿ, ಬಡಿಯುವಾಗಲೇ ಅಂಚು ಸೀಳುತ್ತದೆ. ಈ ತೊಂದರೆ ಬೇಡವೆಂದು ನಗರದ ಅನೇಕ ಅಡುಗೆಮನೆಗಳಲ್ಲಿ ಹಿಟ್ಟಿಗೆ ಒಂದಿಷ್ಟು ಗೋಧಿ ಬೆರೆಸಿ ಲಟ್ಟಣಿಗೆಯಿಂದ ಲಟ್ಟಿಸುತ್ತಾರೆ. ಕಣ್ಣಿಗೆ ಅದು ದುಂಡಗೆ, ನುಣ್ಣಗೆ, ಒಪ್ಪವಾಗಿಯೇ ಕಾಣುತ್ತದೆ. ಗುಟ್ಟು ಬಯಲಾಗುವುದು ಹರಿಯುವಾಗ: ಗೋಧಿ ಬೆರೆತ ರೊಟ್ಟಿ ಬೆರಳಿನ ಜೊತೆ ಎಳೆದುಕೊಂಡು ಬರುತ್ತದೆ, ಬರೀ ಜೋಳದ್ದು ಎಳೆದುಕೊಳ್ಳದೆ ಒಮ್ಮೆಗೇ ಬಿಟ್ಟುಕೊಡುತ್ತದೆ. ಮೊದಲ ದಿನ ನಾನು ಮಾಡಿದ ಮೊದಲ ಕೆಲಸವೇ ಈ ಪರೀಕ್ಷೆ. ರೊಟ್ಟಿ ಬಿಟ್ಟುಕೊಟ್ಟಿತು.

ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಇಲ್ಲಿ ಅರ್ಧ ಗೋಡೆ ಮಾತ್ರ ಇರುವುದರಿಂದ, ಒಳಗಿನ ಎರಡನೆಯ ಮೇಜಿಗೆ ಕುಳಿತರೆ ರೊಟ್ಟಿ ಬಡಿಯುವುದು ಪೂರ್ತಿ ಕಾಣುತ್ತದೆ. ಹಿರಿಯ ಹೆಂಗಸು ಒಣ ಹಿಟ್ಟು ಹರಡಿದ ಹಲಗೆಯ ಮೇಲೆ ಉಂಡೆಯನ್ನಿಟ್ಟು ಬಲ ಅಂಗೈಯಿಂದ ತಟ್ಟುತ್ತಾರೆ, ಎಡಗೈ ಅಂಚನ್ನು ಕಾಯುತ್ತಿರುತ್ತದೆ. ಪ್ರತಿ ಏಟಿಗೂ ರೊಟ್ಟಿ ತನ್ನಷ್ಟಕ್ಕೆ ತಾನೇ ಒಂದಿಷ್ಟು ತಿರುಗುತ್ತದೆ. ತಿರುಗಿಸುವುದು ಯಾವ ಕೈ ಎಂದು ಎಷ್ಟು ಸಲ ನೋಡಿದರೂ ನನಗೆ ತಿಳಿದಿಲ್ಲ. ಹಿಟ್ಟು ಹತ್ತಿದ ಮೈ ಮೇಲೆ ಬರುವಂತೆ ಹಂಚಿಗೆ ಹಾಕಿ, ನೀರಲ್ಲಿ ಅದ್ದಿದ ಬಟ್ಟೆಯನ್ನು ಒಂದೇ ಸಲ ಮೇಲೆ ಎಳೆಯುತ್ತಾರೆ. ಒಣ ಹಿಟ್ಟು ನೀರು ಕುಡಿದು ಮಾಯವಾಗುತ್ತದೆ. ನೀರು ಆರುತ್ತಿದ್ದಂತೆ ಮಗುಚಿ, ಬೆಂದ ಮೇಲೆ ಬಟ್ಟೆಯಿಂದ ಅಲ್ಲಲ್ಲಿ ಒತ್ತಿದರೆ ಒಳಗಿನ ಉಗಿ ಓಡಾಡಿ ರೊಟ್ಟಿ ಪೂರ್ತಿ ಉಬ್ಬುತ್ತದೆ. ಉಬ್ಬಿದ ರೊಟ್ಟಿಗೆ ಎರಡು ಪದರ: ಮೇಲಿನದು ಕಾಗದದಂತೆ ತೆಳ್ಳಗೆ, ಕೆಳಗಿನದು ಮೆತ್ತಗೆ. ನಮ್ಮ ಆಯಿ ಮೇಲಿನ ಪದರವನ್ನು ಸುಲಿದು, ಅದರ ಮೇಲೆ ಬೆಣ್ಣೆಯನ್ನೂ ಕೆಂಪು ಖಾರವನ್ನೂ ಸವರಿ, ಸುರುಳಿ ಸುತ್ತಿ, ಒಲೆಯ ಮುಂದೆ ಕಾದು ಕುಳಿತ ಮೊಮ್ಮಕ್ಕಳಿಗೆ ಸರದಿಯ ಮೇಲೆ ಕೊಡುತ್ತಿದ್ದಳು. ಐದು ಮಂದಿ ಮೊಮ್ಮಕ್ಕಳಿದ್ದೆವು. ನನ್ನ ಸರದಿ ಬರಲು ಐದು ರೊಟ್ಟಿಗಳಷ್ಟು ಹೊತ್ತು ಬೇಕಾಗುತ್ತಿತ್ತು. ಈಗ ನನಗೆ ಐವತ್ತು ಸಮೀಪಿಸಿದೆ. ಈ ಖಾನಾವಳಿಯಲ್ಲಿ ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು ಮೇಲಿನ ಪದರವನ್ನು ಸುಲಿದು ಸುತ್ತಿ ತಿಂದೆ. ಬಡಿಸುವ ಹುಡುಗ ನೋಡಿಬಿಟ್ಟಿದ್ದ. ಮಾತಾಡದೆ ಒಳಗೆ ಹೋಗಿ ಒಂದು ಚಮಚ ಬೆಣ್ಣೆ ತಂದು ತಾಟಿನ ಅಂಚಿಗಿಟ್ಟ. ಬಿಲ್ಲಿನಲ್ಲಿ ಅದಕ್ಕೆ ಹಣ ಹಾಕಿರಲಿಲ್ಲ.

ಜೋಳ ಮಾಲ್ದಂಡಿ ಎಂದು ಮಾಲೀಕರು ಹೇಳುತ್ತಾರೆ, ನಾಲಗೆಯೂ ಅದನ್ನು ಒಪ್ಪುತ್ತದೆ. ಕೃಷಿ ಇಲಾಖೆಯ ಲೆಕ್ಕದಲ್ಲಿ ಎಂ 35-1 ಎಂದು ಕರೆಸಿಕೊಳ್ಳುವ ಈ ತಳಿ ಹಿಂಗಾರಿಯದು. ಮಳೆಗಾಲ ಮುಗಿಯುವ ಹೊತ್ತಿಗೆ ಕಪ್ಪು ಮಣ್ಣಿನ ಎರೆ ಹೊಲದಲ್ಲಿ ಬಿತ್ತಿದರೆ ಮಣ್ಣಿನಲ್ಲಿ ಉಳಿದ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನೆಚ್ಚಿಕೊಂಡು ಬೆಳೆಯುತ್ತದೆ. ಕಾಳು ಮುತ್ತಿನಂತೆ, ಬಿಳುಪಿನಲ್ಲಿ ತುಸು ಕೆನೆಬಣ್ಣ. ರೊಟ್ಟಿಯನ್ನು ಏನೂ ಹಚ್ಚದೆ ಅಗಿದರೆ ಕೊನೆಯಲ್ಲಿ ಸಣ್ಣ ಸಿಹಿ ಸಿಗುತ್ತದೆ. ಮುಂಗಾರಿಯ ಹೈಬ್ರಿಡ್ ಜೋಳದಲ್ಲಿ ಆ ಸಿಹಿ ನನಗೆಂದೂ ಸಿಕ್ಕಿಲ್ಲ. ಇವರು ಊರಿನಿಂದ ಚೀಲಗಟ್ಟಲೆ ಕಾಳನ್ನೇ ತರಿಸಿ, ವಾರಕ್ಕೆರಡು ಸಲ ಹತ್ತಿರದ ಗಿರಣಿಯಲ್ಲಿ ಬೀಸಿಸುತ್ತಾರೆ. ಗಿರಣಿಯವನು ಮೊದಲು ಗೋಧಿ ಬೀಸಿ ಅದೇ ಕಲ್ಲಿನಲ್ಲಿ ಜೋಳ ಹಾಕಿದ ದಿನ ಹಿಟ್ಟಿನ ಹದ ಕೆಡುತ್ತದೆಂದು, ಬೆಳಿಗ್ಗೆ ಗಿರಣಿ ತೆರೆಯುವ ಹೊತ್ತಿಗೇ ಹೋಗಿ ಮೊದಲ ಪಾಳಿ ಹಿಡಿಯುತ್ತಾರಂತೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಬೆಂಗಳೂರಿನ ಬೆಳಕು ತುಂಬಿದ ಅಂಗಡಿಗಳಲ್ಲಿ ಇದೇ ಜೋಳದ ರೊಟ್ಟಿ ಆರೋಗ್ಯದ ಲೇಬಲ್ ಹಚ್ಚಿಕೊಂಡು ಬಂದಿದೆ. ಒಂದು ರೊಟ್ಟಿಗೆ ಅಲ್ಲಿ ಕೇಳುವ ಬೆಲೆಗೆ ಇಲ್ಲಿ ಮೂರು ಬರುತ್ತವೆ. ನಮಗೆ ಅದು ಪಥ್ಯದ ಆಹಾರವಾಗಿರಲಿಲ್ಲ, ಅಕ್ಕಿಯ ಅನ್ನ ಹಬ್ಬಕ್ಕೆ ಮಾತ್ರ ಬೇಯುತ್ತಿದ್ದ ಮನೆಗಳ ದಿನನಿತ್ಯದ ಊಟವಾಗಿತ್ತು.

ಚಟ್ನಿಪುಡಿಗಳ ವಿಷಯಕ್ಕೆ ಬಂದರೆ, ಈ ಮಾಲೀಕರ ಹೆಂಡತಿಯ ಕೈಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಶೇಂಗಾ ಚಟ್ನಿಯನ್ನು ಮಿಕ್ಸಿಗೆ ಹಾಕಿದರೆ ಅದು ಪುಡಿಯಾಗುತ್ತದೆ, ಒರಳಿನಲ್ಲಿ ಕುಟ್ಟಿದರೆ ಚಟ್ನಿಯಾಗುತ್ತದೆ. ಕುಟ್ಟುವಾಗ ಕಾಳು ಎಣ್ಣೆ ಬಿಟ್ಟು, ಬೆಳ್ಳುಳ್ಳಿ ಜೀರಿಗೆಗಳನ್ನು ತನ್ನೊಳಗೆ ಹಿಡಿದುಕೊಂಡು ಉಂಡೆ ಕಟ್ಟುವ ಹದಕ್ಕೆ ಬರುತ್ತದೆ. ಚಿವುಟಿದರೆ ಬೆರಳಿಗೆ ಜಿಡ್ಡು ಹತ್ತಬೇಕು. ಇಲ್ಲಿನದು ಹತ್ತುತ್ತದೆ. ಗುರೆಳ್ಳು, ಅಂದರೆ ಇತ್ತಲಿನವರು ಹುಚ್ಚೆಳ್ಳು ಎನ್ನುವ ಕಾಳು, ಹುರಿಯುವಾಗ ಒಂದು ಕ್ಷಣ ಹೆಚ್ಚಾದರೂ ಕಹಿಯಾಗುತ್ತದೆ, ಕಡಿಮೆಯಾದರೆ ಹಸಿ ವಾಸನೆ ಉಳಿಯುತ್ತದೆ. ಒಂದೂವರೆ ವರ್ಷದಲ್ಲಿ ಒಮ್ಮೆ ಮಾತ್ರ ನನಗೆ ಕಹಿ ತಗುಲಿದೆ. ಅಗಸಿ ಚಟ್ನಿ ಕೇಳಿದವರಿಗೆ ಮಾತ್ರ ಸಿಗುತ್ತದೆ, ಆದ್ದರಿಂದ ಕೇಳಬೇಕು. ಖಾರಕ್ಕೆ ಇವರು ಬಳಸುವುದು ಬ್ಯಾಡಗಿ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಸುಕ್ಕುಗಟ್ಟಿದ ಕಾಯಿಯ ಹೆಚ್ಚುಗಾರಿಕೆ ಇರುವುದು ಬಣ್ಣದಲ್ಲಿ, ಉರಿಯಲ್ಲಲ್ಲ. ‘ಉತ್ತರ ಕರ್ನಾಟಕದ ಊಟವೆಂದರೆ ಬೆಂಕಿ’ ಎಂದುಕೊಂಡು ಕಣ್ಣಲ್ಲಿ ನೀರು ತುಂಬಿಕೊಳ್ಳಲು ಸಿದ್ಧರಾಗಿ ಬರುವ ಗೆಳೆಯರಿಗೆ ನಾನು ಇದನ್ನು ವಿವರಿಸಿ ಸಾಕಾಗಿದ್ದೇನೆ. ರಕ್ತದಂತೆ ಕೆಂಪಾದ ಚಟ್ನಿಯನ್ನು ಮೊಸರಿನಲ್ಲಿ ಕಲಸಿ ರೊಟ್ಟಿಯ ತುತ್ತಿನಲ್ಲಿ ಎತ್ತಿಕೊಂಡರೆ ಮೊದಲು ಸಿಗುವುದು ಬೆಳ್ಳುಳ್ಳಿ, ಆಮೇಲೆ ಶೇಂಗಾ, ಖಾರ ಬರುವುದು ಅವೆಲ್ಲ ಹೋದ ನಂತರ.

ಮೊಸರಿನ ಬಗ್ಗೆ ಅಷ್ಟು ಉದಾರವಾಗಿ ಹೇಳಲಾರೆ. ಪಾಕೆಟ್ಟಿನ ಹಾಲಿಗೇ ಹೆಪ್ಪು ಹಾಕುತ್ತಾರೆ; ಚಳಿಗಾಲದಲ್ಲಿ ತೆಳ್ಳಗೆ, ಬೇಸಿಗೆಯಲ್ಲಿ ಹುಳಿಯಾಗಿ, ಮಳೆಗಾಲದಲ್ಲಿ ಮಾತ್ರ ಹದವಾಗಿ ಇರುತ್ತದೆ. ಎಮ್ಮೆಯ ಹಾಲಿನ, ಮಣ್ಣಿನ ಗಡಿಗೆಯಲ್ಲಿ ಹೆಪ್ಪಿಟ್ಟ, ಮೇಲೆ ಬೆರಳ ದಪ್ಪದ ಕೆನೆ ಕಟ್ಟಿದ ಮೊಸರನ್ನು ಬೆಂಗಳೂರಿನ ಮೊದಲ ಮಹಡಿಯಲ್ಲಿ ನಿರೀಕ್ಷಿಸುವುದು ನ್ಯಾಯವಲ್ಲವೆಂದು ನನಗೆ ಗೊತ್ತಿದ್ದರೂ, ಗೊತ್ತಿರುವುದು ಬೇರೆ, ತಾಟು ಬಂದಾಗ ಕಣ್ಣು ಹುಡುಕುವುದು ಬೇರೆ.

ಪಲ್ಯಗಳಲ್ಲಿ ಮೊದಲ ಸ್ಥಾನ ಪುಂಡಿಪಲ್ಯಕ್ಕೆ. ಆಂಧ್ರದವರು ಗೋಂಗುರ ಎನ್ನುವ ಹುಳಿ ಸೊಪ್ಪೇ ಪುಂಡಿ. ಆದರೆ ಅವರ ಗೋಂಗುರ ಪಚ್ಚಡಿಗೂ ನಮ್ಮ ಪುಂಡಿಪಲ್ಯಕ್ಕೂ ಸೊಪ್ಪಿನ ಹೊರತು ಹೆಚ್ಚಿನ ನಂಟಿಲ್ಲ. ಸೊಪ್ಪನ್ನು ಬೇಯಿಸಿ, ಹುಳಿ ಹೆಚ್ಚಿದ್ದರೆ ನೀರು ಬಸಿದು, ಬೆಂದ ತೊಗರಿಬೇಳೆ ಮತ್ತು ಜೋಳದ ನುಚ್ಚಿನ ಜೊತೆ ಸೇರಿಸಿ ಕಡಗೋಲಿನಿಂದ ಕಡೆದು, ಹಸಿಮೆಣಸಿನಕಾಯಿ ಮತ್ತು ಕೈತುಂಬ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಡಬೇಕು. ಬೇಳೆ ಹುಳಿಯನ್ನು ತಗ್ಗಿಸುತ್ತದೆ, ನುಚ್ಚು ಎರಡನ್ನೂ ಹಿಡಿದು ನಿಲ್ಲಿಸುತ್ತದೆ. ನುಚ್ಚು ಹಾಕದ ಪುಂಡಿಪಲ್ಯವನ್ನು ಬೆಂಗಳೂರಿನಲ್ಲಿ ಎಷ್ಟೋ ಕಡೆ ತಿಂದಿದ್ದೇನೆ. ಅದು ರೊಟ್ಟಿಯ ಮೇಲೆ ನಿಲ್ಲದೆ ತಾಟಿನಲ್ಲಿ ಹರಿದಾಡುತ್ತದೆ. ಇಲ್ಲಿ ನುಚ್ಚಿನ ಕಣ ಹಲ್ಲಿಗೆ ಸಿಗುತ್ತದೆ, ಒಗ್ಗರಣೆಯ ಬೆಳ್ಳುಳ್ಳಿ ಅರ್ಧ ಕೆಂಪಾಗಿ ಅರ್ಧ ಬಿಳಿಯಾಗಿಯೇ ಇರುತ್ತದೆ. ಗುರುವಾರ ಮತ್ತು ಭಾನುವಾರ ಮಾತ್ರ ಮಾಡುತ್ತಾರೆ. ಇದು ಬಿಸಿಗಿಂತ ಆರಿದ ಮೇಲೆ, ಇಂದಿಗಿಂತ ನಾಳೆ ರುಚಿ. ಗುರುವಾರ ಉಳಿದದ್ದನ್ನು ಶುಕ್ರವಾರ ಮಾಲೀಕರ ಮನೆಯವರೇ ಉಣ್ಣುತ್ತಾರೆಂದು ಗೊತ್ತಾದ ಮೇಲೆ ನಾನು ಶುಕ್ರವಾರವೂ ಒಮ್ಮೆ ಹೋಗಿ ಕೇಳಿದ್ದುಂಟು. ಸಂಕೋಚಪಟ್ಟರೂ ಬಡಿಸಿದರು.

ಎಣಗಾಯಿ ಮಾತ್ರ ನನಗೆ ಇಲ್ಲಿನ ದೊಡ್ಡ ನಿರಾಶೆ. ಬದನೆಕಾಯಿಗೆ ನಮ್ಮಲ್ಲಿ ಮುಳಗಾಯಿ ಎನ್ನುತ್ತಾರೆ, ತೊಟ್ಟಿನಲ್ಲಿ ಮುಳ್ಳಿರುವುದರಿಂದ. ತೊಟ್ಟು ಉಳಿಸಿಕೊಂಡು ನಾಲ್ಕಾಗಿ ಸೀಳಿ, ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಮಸಾಲೆ ಖಾರ, ಹುಣಸೆ, ಬೆಲ್ಲ ಕೂಡಿಸಿದ ಹೂರಣವನ್ನು ತುಂಬುವ ಪಲ್ಯಕ್ಕೆ ಕಾಯಿ ನಿಂಬೆಹಣ್ಣಿಗಿಂತ ತುಸು ದೊಡ್ಡದಿದ್ದರೆ ಸಾಕು. ಒಂದು ಕಾಯಿ ಎರಡು ತುತ್ತಿಗೆ ಮುಗಿಯಬೇಕು. ಇಲ್ಲಿ ಸಗಟು ಮಾರುಕಟ್ಟೆಯಿಂದ ಬರುವ ಮುಷ್ಟಿ ಗಾತ್ರದ ಕಾಯಿಗಳನ್ನು ಹಾಕುತ್ತಾರೆ. ಹೊರಗೆ ಮಸಾಲೆ, ಒಳಗೆ ಸಪ್ಪೆ ಹತ್ತಿ. ಆ ಸಪ್ಪೆಯನ್ನು ಮುಚ್ಚಲು ಗ್ರೇವಿಯನ್ನು ಹೆಚ್ಚಿಸಿ, ಮೇಲೆ ಎಣ್ಣೆ ತೇಲಿಸಿ, ಸಕ್ಕರೆಯನ್ನೂ ಹಾಕಿದ್ದಾರೆಂಬ ಗುಮಾನಿ ನನಗಿದೆ. ಮೂರು ಸಲ ಹೇಳಿದೆ. ಮೂರನೆಯ ಸಲ ಮಾಲೀಕರು ಕೈಮುಗಿದು, ‘ಸಣ್ಣ ಕಾಯಿ ಕೆ.ಜಿ.ಗೆ ಎಷ್ಟ್ ಐತಿ ನೀವೇ ಕೇಳಿ ನೋಡ್ರಿ ಸರ್ರ’ ಎಂದರು. ಕೇಳಿ ನೋಡಿದೆ, ಅವರ ಮಾತಿನಲ್ಲಿ ಸತ್ಯವಿತ್ತು. ಆದರೂ ಪಲ್ಯದ ಹೆಸರು ಫಲಕದಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರಗಳಲ್ಲಿ ಇರುವಾಗ ಈ ಸಮಾಧಾನ ಸಾಲದು. ಮೊದಲ ಸಲ ಹೋಗುವವರು ಎಣಗಾಯಿಯ ಬದಲು ಹೆಸರುಕಾಳಿನ ಅಥವಾ ಮಡಿಕೆಕಾಳಿನ ಉಸುಳಿಯನ್ನೋ, ಝುಣಕವನ್ನೋ ಕೇಳಲಿ. ಝುಣಕ ಹದವಾಗಿದೆ, ಹೆಚ್ಚು ಹೇಳಲಿಕ್ಕೇನೂ ಇಲ್ಲ. ಅನ್ನ ಸಾರು ಇದೆ. ರೊಟ್ಟಿ ತಿಂದವರು ಶಾಸ್ತ್ರಕ್ಕೆಂದು ಉಣ್ಣುವ ಅನ್ನಕ್ಕೆ ಅದು ಸಾಕು.

ಅಮಾವಾಸ್ಯೆ, ಹುಣ್ಣಿಮೆಗಳಂದು ಹೋಳಿಗೆ ಮಾಡುತ್ತಾರೆ. ಇಲ್ಲಿನವರು ಹೂರಣಕ್ಕೆ ತೊಗರಿಬೇಳೆ ಬಳಸಿದರೆ ನಮ್ಮಲ್ಲಿ ಕಡಲೆಬೇಳೆ. ಆದ್ದರಿಂದ ಬೇಳೆ ಬೆಂದ ಕಟ್ಟಿನ ರುಚಿಯೂ ಬೇರೆ, ಆ ಕಟ್ಟಿನಿಂದ ಮಾಡುವ ಸಾರೂ ಬೇರೆ. ಒಂದಿಷ್ಟು ಹೂರಣವನ್ನೇ ಕದಡಿ, ಸುಟ್ಟ ಒಣಕೊಬ್ಬರಿ ಮತ್ತು ಮಸಾಲೆ ಅರೆದು ಹಾಕಿ ಕುದಿಸಿದ ಕಟ್ಟಿನ ಸಾರು ಮೇಲೆ ತೆಳ್ಳಗೆ, ತಳದಲ್ಲಿ ದಪ್ಪಗೆ ಇರುತ್ತದೆ. ಬಡಿಸುವವನು ಸೌಟನ್ನು ಎಷ್ಟು ಆಳಕ್ಕೆ ಇಳಿಸುತ್ತಾನೆ ಎಂಬುದರ ಮೇಲೆ ನಿಮ್ಮ ಅದೃಷ್ಟ. ಧಾರವಾಡದ ಪೇಡೆ, ಬೆಳಗಾವಿಯ ಕುಂದಾ, ಗೋಕಾಕ ಮತ್ತು ಅಮೀನಗಡದ ಕರದಂಟು ಇವುಗಳಿಗಾಗಿ ನಾನು ಖಾನಾವಳಿಗೆ ಹೋಗುವುದಿಲ್ಲ. ಅವು ಡಬ್ಬಿಯಲ್ಲಿ ಪಯಣಿಸಬಲ್ಲ ತಿನಿಸುಗಳು. ಊರಿಗೆ ಹೋದ ಯಾರಾದರೂ ತಂದೇ ತರುತ್ತಾರೆ. ಬಸ್ಸಿನಲ್ಲಿ ಬರಲಾರದವುಗಳಿಗಾಗಿ ನಾನು ಇಷ್ಟು ಮೆಟ್ಟಿಲು ಹತ್ತುವುದು: ಹಂಚಿನಿಂದ ಇಳಿದ ರೊಟ್ಟಿ, ಸೌಟಿನ ತಳದ ಸಾರು, ಹೊಲದಿಂದ ಅಂದೇ ಕಿತ್ತ ಸೊಪ್ಪು.

ಆ ಸೊಪ್ಪು ಕೂಡ ಬಸ್ಸಿನಲ್ಲಿ ಬರಬಹುದು ಎಂಬುದನ್ನು ಕಳೆದ ಚಳಿಗಾಲದಲ್ಲಿ ಈ ಖಾನಾವಳಿಯೇ ನನಗೆ ತೋರಿಸಿಕೊಟ್ಟಿತು. ಎಳ್ಳಮಾವಾಸ್ಯೆಯ ದಿನ. ನಮ್ಮ ಕಡೆ ಅಂದು ಊರಿಗೆ ಊರೇ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಆಳೆತ್ತರ ಬೆಳೆದ ಜೋಳದ ನಡುವೆ ಪೂಜೆ ಮಾಡಿ, ನೈವೇದ್ಯದ ಅಡುಗೆಯನ್ನು ಚರಗವೆಂದು ಹೊಲದ ಸುತ್ತ ಚೆಲ್ಲಿ, ಬನ್ನಿ ಗಿಡದ ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಮೊಸರು ಕಲಸಿದ ಜೋಳದ ನುಚ್ಚು, ಜೊತೆಗೆ ಕರಿಂಡಿ. ಅಗಸಿಯನ್ನು ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯೊಂದಿಗೆ ಅರೆದು, ಸೌತೆ, ಗಜ್ಜರಿ, ಮೆಂತೆ ಸೊಪ್ಪು ಮುಂತಾದವನ್ನು ಹೆಚ್ಚಿ ಕಲಸಿ, ಗಡಿಗೆಯಲ್ಲಿ ನಾಲ್ಕಾರು ದಿನ ಹುಳಿ ಬರಿಸಿ ಮಾಡುವ ಈ ಚಳಿಗಾಲದ ವ್ಯಂಜನವನ್ನು ತಿನ್ನದವರಿಗೆ ವರ್ಣಿಸುವುದು ಕಷ್ಟ. ವಾಸನೆ ಹಿಡಿಸದೆ ಓಡಿ ಹೋದವರನ್ನೂ ಬಲ್ಲೆ. ಮುಂಡರಗಿ ತಾಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯ ರೊಟ್ಟಿ ಊಟದ ದಿನ ಇದೇ ಕರಿಂಡಿಯನ್ನು ಸಾವಿರಾರು ಜನರಿಗೆ ಬಡಿಸುವುದನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೇನೆ. ಊರ ಮನೆಮನೆಗಳಿಂದ ಬಂದ, ಒಣಗಿ ಗರಿಗರಿಯಾದ ಕಟಕ ರೊಟ್ಟಿಗಳನ್ನು ಅಲ್ಲಿ ಗೋಡೆ ಕಟ್ಟಿದಂತೆ ಪೇರಿಸಿಟ್ಟಿರುತ್ತಿದ್ದರು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೂ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ರೊಟ್ಟಿ ಹೀಗೆಯೇ ಬರುತ್ತದೆ.

ಆ ದಿನ ವಿಜಯನಗರದಲ್ಲಿ ಸಾಮಾನ್ಯ ಊಟವನ್ನಷ್ಟೇ ನಿರೀಕ್ಷಿಸಿ ಕುಳಿತಿದ್ದೆ. ಬಡಿಸುವ ಹುಡುಗ ತಾಟಿನ ಬದಿಗೆ, ಯಾವ ಮಾತೂ ಇಲ್ಲದೆ, ಒಂದು ಚಮಚ ಕರಿಂಡಿಯನ್ನೂ ಒಂದು ಹಿಡಿ ಹಕ್ಕರಕಿಯನ್ನೂ ಇಟ್ಟು ಹೋದ. ಹಕ್ಕರಕಿ ಎರೆ ಹೊಲಗಳಲ್ಲಿ ಚಳಿಗಾಲಕ್ಕೆ ಸಿಗುವ, ಹಸಿಯಾಗಿಯೇ ತಿನ್ನುವ, ತುಸು ಕಹಿಯಾದ ಸೊಪ್ಪು. ಕಿತ್ತ ಮರುದಿನಕ್ಕೆ ಬಾಡುತ್ತದೆ. ಬೇರಿನಲ್ಲಿ ಇನ್ನೂ ಕಪ್ಪು ಮಣ್ಣಿನ ಒಂದು ಹರಳು ಅಂಟಿಕೊಂಡಿತ್ತು. ಸರಿಯಾಗಿ ತೊಳೆದಿಲ್ಲವೆಂದು ದೂರು ಕೊಡಬಹುದಾದ ಸಂಗತಿಯೇ. ನಾನು ಅದನ್ನು ಉಗುರಿನಿಂದ ಬಿಡಿಸಿ ತಾಟಿನ ಅಂಚಿಗಿಟ್ಟುಕೊಂಡು ಊಟ ಮುಗಿಸಿದೆ. ರೊಟ್ಟಿ ಬಡಿಯುವ ಹಿರಿಯ ಹೆಂಗಸಿನ ತಮ್ಮ ಹಿಂದಿನ ರಾತ್ರಿ ನರಗುಂದದ ಕಡೆಯಿಂದ ಬಸ್ಸು ಹತ್ತುವಾಗ ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಂದಿದ್ದರಂತೆ. ‘ಎಷ್ಟ್ ಕೊಡಬೇಕ್ರಿ ಇದಕ್ಕ?’ ಎಂದು ನಾನು ಕೇಳಿದ್ದಕ್ಕೆ ಆಕೆ ಹಂಚಿನಿಂದ ತಲೆ ಎತ್ತದೆ, ‘ಹೊಲದಾಗಿಂದಕ್ಕ ಯಾರರ ರೊಕ್ಕ ತೊಗೊಂತಾರೇನ್ರಿ ಅಣ್ಣಾರ’ ಎಂದರು.

ಇಷ್ಟು ಹೇಳಿದ ಮೇಲೆ ಒಂದು ಭಾನುವಾರದ ಕಥೆಯನ್ನೂ ಹೇಳಲೇಬೇಕು. ಊರಿನಿಂದ ಬಂದಿದ್ದ ಅಕ್ಕ ಮತ್ತು ಭಾವನನ್ನು ಬಹಳ ಬಡಾಯಿಯಿಂದ ಇಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೆಟ್ಟಿಲ ಮೇಲೆಯೇ ಮುಕ್ಕಾಲು ಗಂಟೆ ನಿಂತೆವು. ಕೊನೆಗೆ ಕುಳಿತಾಗ ಬಂದ ರೊಟ್ಟಿ ಬೆಳಿಗ್ಗೆಯೇ ಬಡಿದು ಪೇರಿಸಿಟ್ಟು, ಹಂಚಿನ ಮೇಲೆ ಎರಡನೆಯ ಸಲ ಬಿಸಿ ಮಾಡಿದ್ದು. ಅತ್ತ ಮೆತ್ತಗೂ ಇಲ್ಲದೆ ಇತ್ತ ಕಟಕ ರೊಟ್ಟಿಯ ಗರಿಯೂ ಇಲ್ಲದೆ ಚರ್ಮದಂತಾಗಿತ್ತು. ಬದಿಗೆ ಉಳ್ಳಾಗಡ್ಡಿ ಒಂದೇ. ಅಕ್ಕ ಎರಡು ತುತ್ತು ತಿಂದು, ‘ಇದಕ್ಕ ಇಷ್ಟ್ ದೂರ ಕರಕೊಂಡ ಬಂದೇನೋ ತಮ್ಮಾ?’ ಎಂದಳು. ಪಂಚಮಿಯ ಹಿಂದಿನ ದಿನದ ರೊಟ್ಟಿ ಹಬ್ಬಕ್ಕೆ ಇಡೀ ಓಣಿಗೆ ರೊಟ್ಟಿ ಬೀರುವವಳು ಅವಳು. ಬೇರೆ ಮನೆಗಳಿಂದ ತಿರುಗಿ ಬಂದ ರೊಟ್ಟಿಯ ಅಂಚು ನೋಡಿಯೇ ಯಾವ ಮನೆಯದೆಂದು ಹೇಳುವವಳು. ನನ್ನ ಮುಖ ನೋಡಿ ಮಾಲೀಕರ ಹೆಂಡತಿ ತಾವೇ ಬಂದು, ‘ತಪ್ಪಾತ್ರಿ ಅಕ್ಕಾರ, ಇವತ್ತ ಒಬ್ಬಾಕಿ ಬಂದಿಲ್ಲರಿ’ ಎಂದು ಮೂರು ಬಿಸಿ ರೊಟ್ಟಿಗಳನ್ನು ತಾವೇ ಬಡಿದು ತಂದರು. ಅಕ್ಕ ಹರಿದು ನೋಡಿದಳು, ತಿಂದಳು, ಏನೂ ಹೇಳಲಿಲ್ಲ. ಏನೂ ಹೇಳದಿರುವುದು ಅವಳ ಮಟ್ಟಿಗೆ ದೊಡ್ಡ ಮೆಚ್ಚುಗೆಯೇ. ಆದರೆ ಮುಕ್ಕಾಲು ಗಂಟೆ ನಿಲ್ಲಿಸಿದ ಗಿರಾಕಿಗೆ ಮೊದಲೇ ‘ಬಿಸಿ ರೊಟ್ಟಿ ಇಲ್ಲ’ ಎಂದು ಹೇಳುವುದು ಧರ್ಮವಾಗಿತ್ತು. ಭಾನುವಾರ ಮಧ್ಯಾಹ್ನ ಹೋಗಬೇಡಿ ಎಂಬುದು ನನ್ನ ಸಲಹೆ, ಪುಂಡಿಪಲ್ಯಕ್ಕೆ ಗುರುವಾರವಿದೆ.

ದರದ ಬಗ್ಗೆ ದೂರಿಲ್ಲ. ಎರಡು ರೊಟ್ಟಿ, ಎರಡು ಪಲ್ಯ, ಅನ್ನ, ಸಾರು, ಮಜ್ಜಿಗೆ ಕೂಡಿದ ಊಟಕ್ಕೆ 130 ರೂಪಾಯಿ, ಮೇಲಿನ ಪ್ರತಿ ರೊಟ್ಟಿಗೆ 20. ಪರೀಕ್ಷೆಗೆ ಓದುವ ಹುಡುಗರಿಗೆ ತಿಂಗಳ ಲೆಕ್ಕದಲ್ಲಿ ಇದಕ್ಕಿಂತ ಕಡಿಮೆ. ಕೈತೊಳೆಯುವ ಜಾಗ ಇಕ್ಕಟ್ಟು, ನಡುವಿನ ಎರಡು ಮೇಜುಗಳ ಮೇಲೆ ಫ್ಯಾನಿನ ಗಾಳಿ ಬೀಳುವುದಿಲ್ಲ, ಮಂಡಿ ನೋವಿನವರಿಗೆ ಮೆಟ್ಟಿಲು ಕಡಿದು. ಹುಡುಗ ಮೊಬೈಲ್ ನೋಡುತ್ತ ನಿಂತರೂ ರೊಟ್ಟಿ ಮುಗಿಯುವ ಒಂದು ತುತ್ತು ಮೊದಲೇ ಪ್ರತ್ಯಕ್ಷನಾಗಿ ‘ಹಾಕ್ಲೇನ್ರಿ?’ ಎನ್ನುತ್ತಾನೆ, ಅದನ್ನು ಅವನು ಎಲ್ಲಿಂದ ಕಲಿತನೋ ತಿಳಿಯದು.

ಪಾರ್ಸೆಲ್ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಬಿಸಿ ರೊಟ್ಟಿಯನ್ನು ಇವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಕಟ್ಟಿ ಕೊಡುತ್ತಾರೆ. ಮನೆ ಮುಟ್ಟುವಷ್ಟರಲ್ಲಿ ಅದು ತನ್ನ ಉಗಿಯಲ್ಲಿ ತಾನೇ ಬೆವತು, ಅಡಿಯ ಎರಡು ರೊಟ್ಟಿಗಳು ಒಂದಕ್ಕೊಂದು ಅಂಟಿ ಹಿಟ್ಟಾಗಿರುತ್ತವೆ. ಮೊದಲ ಸಲ ಹಾಗಾದ ಮೇಲೆ ನಾನು ಮನೆಯಿಂದ ಒಂದು ಹಳೆಯ ಹತ್ತಿ ಪಂಚೆಯ ತುಂಡನ್ನು, ನಮ್ಮ ಮಾತಿನಲ್ಲಿ ಅರಬಿಯನ್ನು, ಒಯ್ಯತೊಡಗಿದೆ. ರೊಟ್ಟಿಯನ್ನು ಅದರಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು ತಂದರೆ ಒಂದು ಗಂಟೆಯ ನಂತರವೂ ಹರಿದಾಗ ಬಿಟ್ಟುಕೊಡುತ್ತದೆ. ಮೊದಮೊದಲು ನಕ್ಕರು. ಈಗ ನಾನು ಮೆಟ್ಟಿಲು ಹತ್ತಿ ಬಾಗಿಲಲ್ಲಿ ಕಾಣಿಸಿಕೊಂಡೊಡನೆ ಹಂಚಿನ ಮುಂದಿನಿಂದಲೇ ಆ ಹಿರಿಯ ಹೆಂಗಸು ಕೇಳುತ್ತಾರೆ: ‘ಅರಬಿ ತಂದೀರೇನ್ರಿ ಅಣ್ಣಾರ?’